ಭಾವನ ಕಾರಿನಲ್ಲಿ ನಲವತ್ತು ನಿಮಿಷ

ಮಾರ್ಚ್ 3

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ, ನೀನೂ ಕ್ಷೇಮ ಅಂತ ಶುರು ಮಾಡಬೇಕಂತೆ. ಅತ್ತೆಯ ಅಪ್ಪಣೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕಾಪಿ ಬರೆಸಿದವರಲ್ವಾ, ಈಗ ನನ್ನೊಬ್ಬನನ್ನೇ ಇಡೀ ಕ್ಲಾಸು ಮಾಡಿಕೊಂಡಿದಾರೆ. ಹತ್ತನೇ ಕ್ಲಾಸಾದ ಮೇಲೆ ಕಾಗದ ಬರೀತಿರೋದು ಇದೇ ಮೊದಲು. ಕೈ ನೋವು.

ಏನು ಮಾಡಲಿ ಹೇಳು. ಫೋನ್ ಪೊಲೀಸರ ಹತ್ತಿರ ಇದೆ, ಕಂಪ್ಯೂಟರ್ ಪೊಲೀಸರ ಹತ್ತಿರ ಇದೆ. ಕೇಸು ಮುಗಿಯೋವರೆಗೆ ಕೋರ್ಟಿನ ದಿನ ಬಿಟ್ಟು ನಿಮ್ಮ ಊರಿಗೆ ಕಾಲಿಡೋ ಹಾಗಿಲ್ಲ, ಅತ್ತೆ ಮನೆ ಬಿಟ್ಟು ಎಲ್ಲೂ ಉಳಿಯೋ ಹಾಗಿಲ್ಲ, ದಿನಾ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗಿ ಸಹಿ. ಜಾಮೀನಿನ ಷರತ್ತು ಎರಡು ಪುಟ ಇದೆ. ಕಾಗದ ಬರೀಬಾರದು ಅಂತ ಮಾತ್ರ ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿದೆ.

ಇದರ ಜೊತೆ ಒಂದು ಮೆಮೊರಿ ಕಾರ್ಡ್ ಇದೆ. ಮೂರು ಹಾಡು. ಅತ್ತೆಯ ಹಳೇ ರೆಕಾರ್ಡರ್ ಸಿಕ್ಕಿತು, ಮಕ್ಕಳ ಪದ್ಯ ರೆಕಾರ್ಡ್ ಮಾಡ್ತಿದ್ದರಂತೆ. ಅವರ ಬಟ್ಟೆ ಬೀರುವಿನೊಳಗೆ ಕೂತು, ಬಾಗಿಲು ಹಾಕಿಕೊಂಡು ಹಾಡ್ತೀನಿ. ಬಟ್ಟೆ ಇರೋದರಿಂದ ಸದ್ದು ಹೊರಗೆ ಹೋಗಲ್ಲ, ಉಸಿರೂ ಒಳಗೆ ಬರಲ್ಲ. ಗರಗಸ ಅಂತ ಹೆಸರಿಟ್ಟುಕೊಂಡು ಊರೂರು ಮೆರೆದವನು ಈಗ ನುಸಿಗುಳಿಗೆ ವಾಸನೆಯಲ್ಲಿ ರ‍್ಯಾಪ್ ಮಾಡ್ತಿದೀನಿ, ನಗಬೇಡ.

ಈ ಆಲ್ಬಂ ಆಗಲೇಬೇಕು ಅಕ್ಕ. ನನ್ನ ಹಳೇ ಹಾಡುಗಳನ್ನೆಲ್ಲ ಆ ಮ್ಯಾನೇಜರ್ ಒಪ್ಪಂದ ತೋರಿಸಿ ತನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದ, ಅವನ ಆಫೀಸಿನ ಜೊತೆ ಸುಟ್ಟುಹೋದವು. ಸುಟ್ಟವನು ನಾನೇ ಅಂತ ಕೇಸು ಬೇರೆ. ಇದೊಂದು ಹೊರಗೆ ಬರದಿದ್ದರೆ ಜನ ನನ್ನನ್ನ ಬೆಂಕಿ ಹಚ್ಚಿದವನು ಅಂತಲೇ ನೆನಪಿಟ್ಟುಕೊಳ್ಳೋದು.

ಕಾರ್ಡ್ ಯಾರ ಕೈಗೂ ಕೊಡಬೇಡ. ಭಾವನ ಕೈಗೂ.

ನಿನ್ನ ತಮ್ಮ


ಮಾರ್ಚ್ 12

ತಮ್ಮಾ,

ಕಾರ್ಡ್ ಬಂತು. ಭಾವನ ಕೈಗೂ ಕೊಡಬೇಡ ಅಂತ ಬರೆದಿದೀಯಲ್ಲ, ಲಕೋಟೆ ತಂದುಕೊಟ್ಟಿದ್ದೇ ಅವರು. ಕಾಗದ ನಾನು ಓದ್ತಿದ್ದಾಗ ಪಕ್ಕದಲ್ಲೇ ಕೂತು ಉಗುರು ತೆಗೀತಿದ್ದರು. ಅವರಿಗೆ ನಿನ್ನ ಹಾಡು ಕಂಡರೆ ಆಗಲ್ಲ ನಿಜ, ಹಾಗಂತ ಕಳ್ಳರಲ್ಲ.

ಇನ್ನು ಹಾಡು. ಬೇಜಾರು ಮಾಡಿಕೊಳ್ಳಬೇಡ, ಮಾಡಿಕೊಂಡರೂ ಪರವಾಗಿಲ್ಲ. ಮೊದಲನೇದು ಬರೀ ಕೂಗಾಟ. "ನಾನಲ್ಲ ನಾನಲ್ಲ, ನನ್ನ ಬೆರಳಲ್ಲಿ ಮಸಿಯಿಲ್ಲ" ಅಂತ ಹದಿನಾಲ್ಕು ಸಲ ಹೇಳ್ತೀಯ, ನಾನು ಎಣಿಸಿದೆ. ಮೂರನೇ ಸಲಕ್ಕೇ ಕೇಳೋನಿಗೆ ಅನುಮಾನ ಬರುತ್ತೆ. ಎರಡನೇದು ಪರವಾಗಿಲ್ಲ, ಅಮ್ಮನ ಹೊಲಿಗೆ ಮೆಷಿನ್ ಬಗ್ಗೆ ಇರೋ ಸಾಲು ಕೇಳಿ ಅತ್ತುಬಿಟ್ಟೆ. ಮೂರನೇದರಲ್ಲಿ ಕೋಪ ಇದೆ, ತಾಳಕ್ಕೆ ಕೂತಿದೆ, ಅದು ಚೆನ್ನಾಗಿದೆ. ನಾಲ್ಕನೇದು ನಮ್ಮ ಸ್ಟುಡಿಯೋದಲ್ಲೇ ಆಯ್ತಲ್ಲ, ಜನವರಿಯಲ್ಲಿ, ಅದೇ ಬೆಂಕಿ ಬಿದ್ದ ದಿನ. ಅದನ್ನ ಇನ್ನೂ ಮುಟ್ಟಿಲ್ಲ. ಪೊಲೀಸರು ನಕಲು ಮಾಡಿಕೊಂಡು ಹೋದ ಮೇಲೆ ಅದನ್ನ ತೆರೆಯೋಕೇ ಮನಸ್ಸು ಬರಲಿಲ್ಲ.

ಮೂರೂ ಒಂದೇ ಆಲ್ಬಮ್ಮಿನವು ಅಂತ ಅನ್ನಿಸಲ್ಲ ಕಣೋ. ಒಂದು ನಿಜವಾದ ಮನುಷ್ಯನ ಬಾಯಿಂದ ಬಂದ ಹಾಗಿದೆ, ಇನ್ನೊಂದು ವಕೀಲರು ಬರೆದುಕೊಟ್ಟ ಹಾಗಿದೆ.

ವಕೀಲರು ಅಂದರೆ ನೆನಪಾಯ್ತು. ನಿನ್ನೆ ಸಿಕ್ಕಿದ್ದರು. "ನಿಮ್ಮ ಹೇಳಿಕೆಯೇ ನಮಗೆ ಆಧಾರ" ಅಂದರು. ಬೆಂಕಿ ಬಿದ್ದಿದ್ದು ಆರೂ ಇಪ್ಪತ್ತಕ್ಕೆ, ನೀನು ಐದರಿಂದ ಎಂಟರವರೆಗೆ ನನ್ನ ಜೊತೆಗೇ ಇದ್ದೆ ಅಂತ ನಾನು ಪೊಲೀಸರಿಗೆ ಬರೆದುಕೊಟ್ಟಿದೀನಲ್ಲ, ಅದೊಂದು ನಿಂತರೆ ಕೇಸು ಬಿದ್ದುಹೋಗುತ್ತಂತೆ. ನಾನು ಇದ್ದಿದ್ದನ್ನ ಹೇಳಿದೀನಿ, ಅದರಲ್ಲಿ ಹೊಗಳೋಕೆ ಏನಿದೆ ಅಂದೆ.

ಹೆಡ್‌ಫೋನಿನಲ್ಲಿ ಎಲ್ಲಾ ಸರಿಯಾಗಿದೆ. ಸಂಜೆ ಕಾರಲ್ಲಿ ಕೇಳ್ತೀನಿ.

ಅಕ್ಕ


ಮಾರ್ಚ್ 29

ಅಕ್ಕ,

ಇನ್ನೂ ಆರು ಹಾಡು ಕಳಿಸಿದೀನಿ. ಇವೂ ಕೂಗಾಟ ಅನ್ನಿಸಿದರೆ ಬಾಯಿ ಮುಚ್ಚಿಕೊಂಡು ಮಿಕ್ಸ್ ಮಾಡು. ಇದ್ದವಳು ಒಬ್ಬಳೇ ಅಕ್ಕ, ಅವಳೂ ವಿಮರ್ಶಕಿ ಆಗಿಬಿಟ್ಟರೆ ನಾನು ಯಾರ ಹತ್ತಿರ ಹೋಗಲಿ.

ಭಾವನ ಟ್ಯಾಕ್ಸಿಯಲ್ಲಿ ಹಾಕಿ ಕೇಳೋ ನಿನ್ನ ಚಟ ಇನ್ನೂ ಬಿಟ್ಟಿಲ್ವಾ? ಆ ಕಾರಿನ ಸ್ಪೀಕರ್ ಒಂದು ಕಡೆ ಹರಿದಿದೆ. ಅದರಲ್ಲಿ ಕೇಳಿ ಏನು ಗೊತ್ತಾಗುತ್ತೆ ನಿನಗೆ? ಮೊದಲು ಈ ಪ್ರಶ್ನೆ ಕೇಳಿದಾಗ "ಜನ ಹರಿದ ಸ್ಪೀಕರಿನಲ್ಲೇ ಕೇಳೋದು, ಅದರಲ್ಲಿ ಮಾತು ಅರ್ಥವಾದರೆ ಹಾಡು ಪಾಸು" ಅಂದಿದ್ದೆ. ಸರಿ. ಆದರೆ ಈಗ ಕಾಲ ಬೇರೆ. ಈ ಹಾಡುಗಳು ಹೊರಗೆ ಹೋಗಬಾರದು.

ಇಲ್ಲಿ ಎಲ್ಲರ ಮೇಲೂ ಅನುಮಾನ ನನಗೆ. ಠಾಣೆಯಲ್ಲಿ ಸಹಿ ಹಾಕಿಸಿಕೊಳ್ಳೋ ಪೇದೆ ನನ್ನ ಹಳೇ ಹಾಡಿನ ಸಾಲು ಗುನುಗುತ್ತಾನೆ. ಅಭಿಮಾನಿಯೋ ಇಲ್ಲ ಬಾಯಿ ಬಿಡಿಸೋಕೆ ಹಾಗೆ ಮಾಡ್ತಾನೋ ಗೊತ್ತಿಲ್ಲ. ಅತ್ತೆ ಬೀರುವಿನ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಾರೆ. ಬಾಗಿಲ ಸಂದಿಯಲ್ಲಿ ಅವರ ನೆರಳು ಕಾಣುತ್ತೆ. ಇದರ ಜೊತೆ ಇರೋ ಕಾರ್ಡಿನ ಸಣ್ಣ ಲಕೋಟೆಯನ್ನ ಮೊನ್ನೆಯೇ ಅಂಟಿಸಿಟ್ಟಿದ್ದೆ, ಯಾರೋ ಬಿಚ್ಚಿ ಮತ್ತೆ ಅಂಟಿಸಿದ ಹಾಗಿದೆ. ನೀನು ಸರಿಯಾಗಿ ನೋಡು.

ತಮ್ಮ


ಏಪ್ರಿಲ್ 8

ತಮ್ಮಾ,

ನೋಡಿದೆ. ಲಕೋಟೆ ಬಿಚ್ಚಿದ್ದು ಅತ್ತೆಯೇ. ಒಳಗೆ ಒಂದು ಚೀಟಿ ಇಟ್ಟಿದಾರೆ. ಇದ್ದದ್ದು ಇದ್ದ ಹಾಗೆ ಬರೀತೀನಿ: "ಇವನು ಸರಿಯಾಗಿ ಊಟ ಮಾಡುತ್ತಿಲ್ಲ. ಬೀರುವಿನೊಳಗೆ ಹಾಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಜನವರಿಯಿಂದ ಇದೆಯಂತೆ. ಡಾಕ್ಟರ ಹತ್ತಿರ ಬರುವುದಿಲ್ಲ ಎನ್ನುತ್ತಾನೆ. ನೀನೇ ಗದರಿಸು."

ಇದು ನಿನ್ನ ಗೂಢಚಾರಿಣಿಯ ವರದಿ. ನಾಚಿಕೆಯಾಗಬೇಕು ನಿನಗೆ.

ಹಾಡಲ್ಲೂ ಆ ಕೆಮ್ಮಿದೆ. ಐದನೇದರಲ್ಲಿ ಎರಡು ಕಡೆ ಕತ್ತರಿಸಿದೆ. ಮೊದಲು ನಿನಗೆ ಕೆಮ್ಮು ಇರಲಿಲ್ಲ. ಡಾಕ್ಟರಿಗೆ ತೋರಿಸು, ಮಾತಾಡಬೇಡ.

ಅಕ್ಕ


ಏಪ್ರಿಲ್ 24

ಅಕ್ಕ,

ಮೊನ್ನೆ ಕೋರ್ಟಿನಲ್ಲಿ ಏನಾಯ್ತು ಅಂತ ನಿನಗೆ ಗೊತ್ತಿಲ್ಲ. ನೀನು ಸಾಕ್ಷಿ, ನಿನ್ನನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ನಿನ್ನ ಸರದಿ ಬರಲೇ ಇಲ್ಲ. ಅದಕ್ಕೇ ಹೇಳ್ತೀನಿ ಕೇಳು.

ಸರ್ಕಾರಿ ವಕೀಲರು ಎದ್ದು ನಿಂತು, ಕನ್ನಡಕ ಹಾಕಿಕೊಂಡು, ಪಾಠ ಓದೋ ಹಾಗೆ ಓದಿದರು:

"ಬೀಗ ಬಿದ್ದ ಬೀರುವಿನಲ್ಲಿ ನನ್ನ ದನಿ ಇದೆ ಬಾಕಿ,
ಕೀಲಿ ಕೊಡದ ಕೈಗಳಿಗೆ ಕಲಿಸುತ್ತೆ ಬೆಂಕಿ."

ನನ್ನ ಮೂರನೇ ಹಾಡು! ನೀನು ಚೆನ್ನಾಗಿದೆ ಅಂದೆಯಲ್ಲ, ಅದೇ. ಹೊರಗೆ ಬಂದಿಲ್ಲ, ಎಲ್ಲೂ ಹಾಕಿಲ್ಲ. ನನ್ನ ಬಾಯಿಂದ ನಿನ್ನ ಕಿವಿಗೆ ಹೋಗಿದ್ದು, ಅಷ್ಟೇ. "ಇದು ತಪ್ಪೊಪ್ಪಿಗೆ ಅಲ್ಲದೆ ಇನ್ನೇನು" ಅಂದರು. ನಮ್ಮ ವಕೀಲರು "ಇದು ಕವಿತೆ ಸ್ವಾಮಿ" ಅಂದರು. ಯಾರೂ ನಗಲಿಲ್ಲ.

ಆಮೇಲೆ ಮ್ಯಾನೇಜರ್ ಆಫೀಸಿನ ವಾಚ್‌ಮನ್ ಬಂದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ, ಹೇಳಿಕೆಗೆ ಎಡಗೈ ಹೆಬ್ಬೆಟ್ಟು ಒತ್ತಿದ. ಒಳಗೆ ಯಾರೋ ಕೆಮ್ಮಿದ ಹಾಗಾಯ್ತು, ಚಿಲಕ ತೆಗೆದೆ, ಹೊಗೆಯಲ್ಲಿ ಯಾರೂ ಕಾಣಲಿಲ್ಲ ಅಂದ. ನಮ್ಮ ವಕೀಲರು ಬಿಡಲಿಲ್ಲ. "ಯಾರೂ ಕಾಣದಿದ್ದರೆ ಕೆಮ್ಮಿದ್ದು ಯಾರು, ದೆವ್ವವೇ? ಎಷ್ಟು ಕುಡಿದಿದ್ದಿರಿ ಆವತ್ತು?" ಅಂತ ಶುರು ಮಾಡಿದರು. ಹತ್ತು ನಿಮಿಷದಲ್ಲಿ ಮುದುಕನಿಗೆ ತನ್ನ ಹೆಸರೂ ಮರೆತುಹೋಗೋ ಹಾಗೆ ಮಾಡಿದರು. ಮ್ಯಾನೇಜರ್ ಕಡೆಯವರೂ ಅವನ ಮಾತು ನಂಬಲಿಲ್ಲ. ವಯಸ್ಸಾಯ್ತು, ಏನೋ ಹೇಳ್ತಾನೆ ಅಂದುಕೊಂಡು ಸುಮ್ಮನಾದರು. ನಮಗೆ ಒಳ್ಳೇದೇ ಆಯ್ತು ಅಂತ ವಕೀಲರು ಬೆನ್ನು ತಟ್ಟಿದರು.

ಅದಿರಲಿ. ಹಾಡು ಹೇಗೆ ಹೋಯ್ತು? ನೀನು ಕೊಟ್ಟಿಲ್ಲ, ನಾನು ಕೊಟ್ಟಿಲ್ಲ. ಉಳಿದಿದ್ದು ಒಬ್ಬರು. ನನ್ನನ್ನ ಮನೆಗೆ ಸೇರಿಸಬೇಡ ಅಂತ ಮೊದಲಿಂದ ಹೇಳಿದವರು. "ಇದು ಹಾಡಾ, ಜಗಳಾನಾ" ಅಂತ ಸೌಂಡ್ ಕಡಿಮೆ ಮಾಡೋರು. ನಾನು ಒಳಗೆ ಹೋದರೆ ನಿಮ್ಮ ಮನೆ ತಣ್ಣಗಿರುತ್ತೆ ಅಂತ ಅವರಿಗೆ ಅನ್ನಿಸಿರಬಹುದು. ಕೇಳು ಅವರನ್ನ. ಮುಖ ನೋಡಿಕೊಂಡು ಕೇಳು.

ತಮ್ಮ


ಮೇ 2

ತಮ್ಮಾ,

ಕೇಳಿದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಯಾವತ್ತೂ ಕೇಳದ ದನಿಯಲ್ಲಿ ಕೇಳಿದೆ. ನೀನು ನನ್ನ ಕೈಲಿ ಏನು ಮಾಡಿಸಿದೆ ಅಂತ ತಿಳಿಯಬೇಕು ನಿನಗೆ. ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದ ಮನುಷ್ಯ ಎದ್ದು ಹೋಗಿ ಕೈ ತೊಳೆದುಕೊಂಡರು. ಆಮೇಲೆ ಕಾರಿನ ಕೀಲಿ ತಂದು ನನ್ನ ಮುಂದಿಟ್ಟು "ಹೋಗಿ ನೋಡು" ಅಂದರು.

ಹೋಗಿ ನೋಡಿದೆ. ನಾನು ಕೇಳೋಕೆ ಅಂತ ತಗೊಂಡು ಹೋಗಿದ್ದ ಪೆನ್‌ಡ್ರೈವ್ ಅಲ್ಲೇ ಇತ್ತು. ಮಾರ್ಚಿನಿಂದ ಅಲ್ಲೇ ಇದೆ. ಮರೆತಿದ್ದು ನಾನು. ಕಾರಲ್ಲಿ ಕೇಳಿ, ತಪ್ಪುಗಳನ್ನ ಚೀಟಿಯಲ್ಲಿ ಬರೆದುಕೊಂಡು, ಚೀಟಿ ಮಾತ್ರ ತಗೊಂಡು ಇಳಿದುಬಿಡ್ತೀನಿ. ನನ್ನಂಥ ಕೆಲಸದವರೆಲ್ಲ ಮಾಡೋದು ಇದನ್ನೇ. ಕಿವಿ ಒಂದೇ ಇರೋದು ನಮಗೆ, ತಲೆ ಇರಲ್ಲ.

ಮತ್ತೆ ಆ ಮನುಷ್ಯ ಏನು ಮಾಡಿದರು ಗೊತ್ತಾ? ಅದನ್ನ ಹಾಕಿದರು. ದಿನಾ, ಹತ್ತಿದ ಪ್ರತಿಯೊಬ್ಬ ಪ್ರಯಾಣಿಕನಿಗೂ. "ಇದು ನನ್ನ ಭಾಮೈದ ಹಾಡಿರೋದು, ಇನ್ನೂ ರಿಲೀಸ್ ಆಗಿಲ್ಲ, ನೀವೇ ಮೊದಲು ಕೇಳ್ತಿರೋದು" ಅಂತ ಹೇಳಿಕೊಂಡು! ನಮ್ಮ ಮುಂದೆ ಸೌಂಡ್ ಕಡಿಮೆ ಮಾಡ್ತಿದ್ದವರು, ಊರವರ ಮುಂದೆ ಜೋರು ಮಾಡ್ತಿದ್ದರು. ಒಂದು ದಿನ ಮ್ಯಾನೇಜರ್ ಕಡೆ ವಕೀಲರ ಗುಮಾಸ್ತ ಹತ್ತಿದಾನೆ. "ತುಂಬಾ ಚೆನ್ನಾಗಿದೆ, ಇನ್ನೊಂದು ಸಲ ಹಾಕಿ" ಅಂದನಂತೆ, ಇವರು ಖುಷಿಯಾಗಿ ಇನ್ನೊಂದು ಸಲ ಹಾಕಿದರಂತೆ. ಆ ಗುಮಾಸ್ತನ ಕೈಯಲ್ಲಿ ಫೋನಿತ್ತು ಅನ್ನೋದು ಈಗ ನೆನಪಾಯ್ತಂತೆ.

ಅವರು ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ, ತನ್ನ ಮೇಲಿನ ಸಿಟ್ಟಿಗೆ. ನೀನು ಒಂದು ಕಾಗದ ಬರೆದು ಕ್ಷಮೆ ಕೇಳು, ಅವರ ಹೆಸರಿಗೇ ಬರಿ.

ಅಕ್ಕ


ಮೇ 5

ತಮ್ಮಾ,

ಮೊನ್ನೆ ತಾನೇ ಬರೆದಿದ್ದೆ, ಮತ್ತೆ ಬರೀತಿದೀನಿ. ಒಂದು ಮಾತು ಕೇಳಬೇಕು.

ನಿನ್ನೆ ನಿನ್ನ ಭಾವ ಸ್ವಲ್ಪ ಮಾತಿಗೆ ಬಂದರು. ಇನ್ನು ಮೇಲೆ ಕಾರಲ್ಲಿ ಹಾಡು ಕೇಳೋದೇ ಬೇಡ ಅಂತ ನಾನಂದೆ. "ಬೆಂಕಿ ಬಿದ್ದ ದಿನವೂ ಕೇಳ್ತಿದ್ದೆಯಲ್ಲ" ಅಂದರು. ಯಾವ ದಿನ ಅಂದೆ. "ಅದೇ, ಫೈರ್ ಎಂಜಿನ್‌ಗೆ ದಾರಿ ಬಿಡೋಕೆ ನಾನು ಕಾರು ಪಕ್ಕಕ್ಕೆ ಹಾಕಿದೆ, ಗಂಟೆ ಸದ್ದಿಗೆ ಹಾಡು ಕೇಳಿಸಲ್ಲ ಅಂತ ನೀನು ನನ್ನ ಮೇಲೆ ರೇಗಿದೆ" ಅಂದರು.

ಹೌದು. ರೇಗಿದ್ದು ನೆನಪಿದೆ. ಆ ಗಂಟೆ ಸದ್ದು ಕಿವಿಯಲ್ಲಿ ಇನ್ನೂ ಇದೆ.

ನೀನು ಐದರಿಂದ ಹಾಡಿದ್ದ ಕಚ್ಚಾ ರೆಕಾರ್ಡಿಂಗ್ ಕಾರಲ್ಲಿ ಕೇಳೋಕೆ ಆರಕ್ಕೆ ಹೊರಟು ಆರೂ ನಲವತ್ತಕ್ಕೆ ವಾಪಸ್ ಬಂದಿರಬೇಕು. ನಲವತ್ತು ನಿಮಿಷ. ನೀನು ಒಳಗೆ ಮೈಕಿನ ಮುಂದೆ ಕೂತಿದ್ದೆ, ನೀನೇ ರೆಕಾರ್ಡ್ ಮಾಡಿಕೋ, ನಾನು ಬರೋದರೊಳಗೆ ಅದೇ ಹಾಡು ನಾಲ್ಕು ಸಲ, ನಾಲ್ಕು ಟೇಕ್ ಆಗಲಿ ಅಂತ ಹೇಳಿ ಹೋಗಿದ್ದೆ. ಪೊಲೀಸರು ಕೇಳಿದಾಗ ಇದು ನನ್ನ ತಲೆಗೆ ಬರಲೇ ಇಲ್ಲ, ದೇವರಾಣೆ. ಕಾರಲ್ಲಿ ಕೇಳೋದು ನನಗೆ ಹೊರಗೆ ಹೋದ ಹಾಗಲ್ಲ, ಕೆಲಸ ಮಾಡಿದ ಹಾಗೆ.

ನೀನು ಅಲ್ಲೇ ಇದ್ದೆ ತಾನೇ? ಇದ್ದೆ ಅಂತ ಒಂದು ಸಾಲು ಬರಿ. ಸಾಕು.

ಅಕ್ಕ


ಮೇ 19

ತಮ್ಮಾ,

ಒಂದು ಸಾಲು ಬರಲಿಲ್ಲ. ಹದಿನಾಲ್ಕು ದಿನ ಅಂಚೆಯವನ ಸೈಕಲ್ ಗಂಟೆ ಕೇಳಿ ಬಾಗಿಲಿಗೆ ಬಂದೆ. ಕರೆಂಟು ಬಿಲ್ಲು ಬಂತು, ಯಾರದೋ ಮದುವೆ ಕಾಗದ ಬಂತು.

ಅದಕ್ಕೇ ಇವತ್ತು ಆ ನಾಲ್ಕನೇ ಹಾಡು ತೆಗೆದೆ. ನಾನಿಲ್ಲದಾಗ ನೀನು ಮಾಡಿದ ನಾಲ್ಕು ಟೇಕ್. ಜನವರಿಯಲ್ಲಿ ಮೊದಲನೇದನ್ನ ಮಾತ್ರ ಕೇಳಿ, ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದೆ. ಇವತ್ತು ನಾಲ್ಕೂ ಕೇಳಿದೆ. ನಾಲ್ಕರಲ್ಲೂ ಮೂರನೇ ಸಾಲಿಗೆ ಮುಂಚೆ ಕುರ್ಚಿ ಕಿರುಗುಟ್ಟಿದೆ, ಒಂದೇ ಜಾಗದಲ್ಲಿ. ನಾಲ್ಕರಲ್ಲೂ "ಏಣಿ" ಅನ್ನೋ ಮಾತಿನ ಮೇಲೆ ನಾಲಿಗೆ ಒಂದೇ ಥರ ತೊಡರಿದೆ. ಉಸಿರು ನಾಲ್ಕರಲ್ಲೂ ಒಂದೇ.

ಇಪ್ಪತ್ತು ವರ್ಷದಿಂದ ಜನರ ಉಸಿರು ಕತ್ತರಿಸಿ ಊಟ ಮಾಡ್ತಿದೀನಿ. ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಆಗಲಿ, ಸೋಪಿನ ಜಾಹೀರಾತಾಗಲಿ, ಒಬ್ಬನೇ ಮನುಷ್ಯ ಎರಡು ಸಲ ಒಂದೇ ಉಸಿರು ತಗೊಂಡಿದ್ದು ನಾನು ಕೇಳಿಲ್ಲ. ನೀನು ಒಂದು ಸಲ ಹಾಡಿದೀಯ. ಆಮೇಲೆ ಬಂದು ಅದನ್ನೇ ಮೂರು ಸಲ ನಕಲು ಮಾಡಿಟ್ಟಿದೀಯ. ಈ ಕೆಲಸ ನಿನಗೆ ಕಲಿಸಿಕೊಟ್ಟವಳು ನಾನೇ.

ಒಂದು ಟೇಕಿಗೆ ಆರು ನಿಮಿಷ. ಉಳಿದ ಮೂವತ್ತನಾಲ್ಕು ನಿಮಿಷ ಎಲ್ಲಿದ್ದೆ? ಆ ಆಫೀಸು ನಮ್ಮ ಹಿಂದಿನ ಬೀದಿ. ನಡೆದರೆ ಐದು ನಿಮಿಷ.

ನನಗೆ ಭಯವಾಗ್ತಿದೆ. ಹಾಡಿನಲ್ಲಿ ಹೇಳಬೇಡ, ಮಾತಿನಲ್ಲಿ ಹೇಳು.

ಅಕ್ಕ


ಮೇ 27

ಅಕ್ಕ,

ನಿದ್ದೆ ಬಂದಿತ್ತು. ಒಂದು ಟೇಕ್ ಮಾಡಿದೆ, ಹಾಗೇ ಕುರ್ಚಿಯಲ್ಲಿ ನಿದ್ದೆ ಹೋದೆ. ನೀನು ಬೈತೀಯ ಅಂತ ನಕಲು ಮಾಡಿದೆ. ಅಷ್ಟೇ. ಇದಕ್ಕೆ ಇಷ್ಟು ದೊಡ್ಡ ಪುರಾಣ ಬೇಕಿತ್ತಾ?

ನನಗೀಗ ನಿನ್ನ ಮೇಲೇ ಅನುಮಾನ. ಯಾರು ನಿನ್ನ ತಲೆ ಕೆಡಿಸಿದರು? ಭಾವನೇನಾ? ನಾನು ಅವರ ಬಗ್ಗೆ ಬರೆದಿದ್ದಕ್ಕೆ ಸೇಡಾ? ಇಲ್ಲ ಆ ವಾಚ್‌ಮನ್ ಏನಾದರೂ ಹೇಳಿದನಾ? ಆವತ್ತು ನೀವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದಿರಿ. ಒಳಗೆ ಹೋಗುವಾಗ ನಾನು ನೋಡಿದೆ, ನೀನು ಅವನ ಶರ್ಟಿನ ತೋಳಿನ ಗುಂಡಿ ಹಾಕಿಕೊಡ್ತಿದ್ದೆ.

ನೋಡು, ಕಾರಿನ ವಿಷಯ ಗೊತ್ತಿರೋದು ಮೂರೇ ಜನಕ್ಕೆ. ಭಾವ ಬಾಯಿ ಬಿಡಲ್ಲ, ಪಾಪದ ಮನುಷ್ಯ. ನಾನು ಬಿಡಲ್ಲ. ನೀನು ಮೊದಲು ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕು, ಅಷ್ಟೇ. ಹೊಸ ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲ. ಅಮ್ಮ ಹೋಗುವಾಗ ನಿನ್ನ ಕೈ ಹಿಡಿದು ಏನು ಹೇಳಿದಳು ಅಂತ ನೆನಪು ಮಾಡಿಕೋ.

ತಮ್ಮ


ಜೂನ್ 4

ತಮ್ಮಾ,

ಅಮ್ಮನನ್ನ ಮಧ್ಯೆ ತರಬೇಡ. "ಇವನನ್ನ ನೋಡಿಕೋ" ಅಂದಳು. ನೋಡಿಕೊಳ್ತಿದೀನಿ, ಅದಕ್ಕೇ ಹೀಗೆ ನೋಡ್ತಿದೀನಿ.

ನಿದ್ದೆ ಹೋದೆ ಅಂತೀಯ. ನೀನು ಕುರ್ಚಿಯಲ್ಲಿ ನಿದ್ದೆ ಹೋದರೆ ಗೊರಕೆ ಹೊಡೀತೀಯ ಕಣೋ. ಮೈಕು ಮುಂದೆಯೇ ಇತ್ತು. ಆ ರೆಕಾರ್ಡಿಂಗ್ ಮೊದಲ ಟೇಕ್ ಮುಗಿದ ತಕ್ಷಣ ನಿಂತಿದೆ, ನಿಲ್ಲಿಸಿದ್ದು ನೀನೇ. ಸುಳ್ಳು ಹೇಳೋಕೂ ನಿನಗೆ ಸರಿಯಾಗಿ ಬರಲ್ಲ. ನಿನ್ನ ಆಲ್ಬಮ್ಮಿನಲ್ಲೂ ಹಾಗೇ. ಸುಳ್ಳು ಇರೋ ಹಾಡೆಲ್ಲ ಕೆಟ್ಟದಾಗಿದೆ. ಅಮ್ಮನ ಹಾಡು, ಅತ್ತೆಯ ಹಾಡು ಎಷ್ಟು ಚೆನ್ನಾಗಿವೆ. ನಾನಲ್ಲ ನಾನಲ್ಲ ಅನ್ನೋವಷ್ಟೂ ಹಾಳು. ನಾನು ಮಿಕ್ಸಿನಲ್ಲಿ ಏನು ಮಾಡಿದರೂ ಸರಿಹೋಗಲಿಲ್ಲ, ಈಗ ಯಾಕೆ ಅಂತ ಗೊತ್ತಾಯ್ತು.

ಇನ್ನು ಆ ವಾಚ್‌ಮನ್. ಹೌದು, ಗುಂಡಿ ಹಾಕಿಕೊಟ್ಟೆ. ಒಂದೇ ಕೈಯಲ್ಲಿ ಒದ್ದಾಡ್ತಿದ್ದರು, ನೋಡೋಕಾಗಲಿಲ್ಲ. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ. ಹೇಗಾಯ್ತು ತಾತ ಅಂದೆ. ಅವರು ಹೇಳಿದರು. ಎಲ್ಲಾ ಹೇಳಿದರು, ಕೋರ್ಟಿನಲ್ಲಿ ಯಾರೂ ಕೇಳದೇ ಇದ್ದದ್ದನ್ನೂ ಹೇಳಿದರು. ಅದನ್ನ ನಾನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ, ನಿನಗೂ ಬರೆಯಲ್ಲ.

ಈಗ ಅವರ ಬೀದಿಯಲ್ಲಿ ಅವರನ್ನ ಕುಡುಕ ಅಂತ ಕರೀತಾರಂತೆ. ಜನ್ಮದಲ್ಲಿ ಮುಟ್ಟಿದವರಲ್ಲ. ನಮ್ಮ ವಕೀಲರು ಅಂದ ಒಂದು ಮಾತು ಅವರ ಮನೆವರೆಗೂ ಹೋಗಿದೆ. ಅವರು ಇದ್ದ ಕೆಲಸವೂ ಹೋಯ್ತು.

ಇಪ್ಪತ್ತೊಂದಕ್ಕೆ ಕೋರ್ಟಿನಲ್ಲಿ ನನ್ನ ಸರದಿ. ನೀನು ಏನು ಬರೀತೀಯ ಅಂತ ಕಾಯ್ತೀನಿ.

ಅಕ್ಕ


ಜೂನ್ 12

ಅಕ್ಕ,

ಹನ್ನೊಂದನೇ ಹಾಡು. ಮಾತಿನಲ್ಲಿ ಬರೆಯೋಕೆ ಮೂರು ಸಲ ಕೂತೆ, ಆಗಲಿಲ್ಲ. ಬೀಟ್ ಹಾಕಬೇಡ. ಕೆಮ್ಮು ಕತ್ತರಿಸಬೇಡ. ಭಾವನ ಕಾರಲ್ಲಿ ಕೇಳು, ಭಾವನೂ ಕೇಳಲಿ.

ತಮ್ಮ


ಜೂನ್ 17

ತಮ್ಮಾ,

ಕೇಳಿದೆ. ಪಾರ್ಕಿನ ಹತ್ತಿರ ಕಾರು ನಿಲ್ಲಿಸಿ, ಗಾಜು ಏರಿಸಿ, ಇಬ್ಬರೂ ಕೇಳಿದೆವು.

"ಹೊಗೆಯೊಳಗೆ ಕೆಮ್ಮಿದವನ ಹೆಸರು ಕೇಳಲಿಲ್ಲ,
ಕಾದ ಚಿಲಕ ಹಿಡಿದವನು ಕೈಯ ಬಿಡಲಿಲ್ಲ.
ಬಂದೆ ಕಣಪ್ಪಾ ಬಂದೆ ಅಂದ, ಬಂದ, ತೆಗೆದ,
ಅವನ ಪಕ್ಕದಲ್ಲೇ ಓಡಿದೆ ನಾನು, ತಿರುಗಿ ನೋಡದೆ."

"ಬಂದೆ ಕಣಪ್ಪಾ, ಬಂದೆ." ಆ ತಾತ ಬೆಂಚಿನ ಮೇಲೆ ನನಗೆ ಹೇಳಿದ್ದು ಇದೇ ಮಾತು. ಬಾಗಿಲ ಆಚೆಯಿಂದ ಹೀಗೇ ಕೂಗಿದೆನಮ್ಮಾ, ಒಳಗಿರೋರಿಗೆ ಧೈರ್ಯ ಬರಲಿ ಅಂತ, ಅಂದಿದ್ದರು. ಕೂಗಿದವರು ಅವರು. ಕೇಳಿಸಿಕೊಂಡಿರೋಕೆ ಸಾಧ್ಯ ಇದ್ದವನು ಒಳಗಿದ್ದವನು ಒಬ್ಬನೇ.

ಹಾಡಿನ ಉಳಿದ ಭಾಗವೂ ಅರ್ಥವಾಯ್ತು. ನಿನ್ನ ಹಾಡುಗಳನ್ನ ವಾಪಸ್ ತರೋಕೆ ಹಿಂದಿನ ಕಿಟಕಿಯಿಂದ ಹೋದೆ. ಬೀರು ತೆಗೆಯೋಕಾಗಲಿಲ್ಲ. ಸಿಟ್ಟಿಗೆ ಮೇಜಿನ ಮೇಲಿದ್ದ ನಿನ್ನ ಒಪ್ಪಂದದ ಕಾಗದಕ್ಕೆ ಕಡ್ಡಿ ಗೀರಿದೆ. ಪರದೆಗೆ ಹತ್ತುತ್ತೆ ಅಂತ ಗೊತ್ತಿರಲಿಲ್ಲ. ಇದ್ದ ಒಂದು ಕಿಟಕಿಗೂ ಬೆಂಕಿ ಹತ್ತಿತು, ಬಾಗಿಲಿಗೆ ಹೊರಗಿನಿಂದ ಚಿಲಕ. ನೀನು ಸತ್ತೇಹೋಗ್ತಿದ್ದೆ. ಕೆನ್ನೆಗೆ ಎರಡು ಬಾರಿಸಬೇಕು ಅಂತಲೂ ಅನ್ನಿಸುತ್ತೆ, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸುತ್ತೆ.

ನಿನ್ನ ಭಾವ ಮೊದಲನೇ ಸಲ ಸೌಂಡ್ ಕಡಿಮೆ ಮಾಡಲಿಲ್ಲ. ಹಾಡು ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು, ಮರೀಬೇಡ ಅಂತ ನನ್ನ ಕೈಯಲ್ಲಿಟ್ಟರು.

ಈಗ ನನ್ನ ತೀರ್ಮಾನ ಕೇಳು. ಇಪ್ಪತ್ತೊಂದಕ್ಕೆ ಆ ನಲವತ್ತು ನಿಮಿಷ ನಾನು ಕಾರಲ್ಲಿದ್ದೆ ಅಂತ ಹೇಳ್ತೀನಿ. ಮೊದಲು ಯಾಕೆ ಹಾಗೆ ಹೇಳಿದೆ ಅಂತ ಕೇಳ್ತಾರೆ. ಇದ್ದದ್ದನ್ನೇ ಹೇಳ್ತೀನಿ: ಕಾರಿನಲ್ಲಿ ಅವನ ದನಿ ನನ್ನ ಕಿವಿಯಲ್ಲಿತ್ತು ಸ್ವಾಮಿ, ಅದಕ್ಕೇ ಅವನು ಜೊತೆಗಿದ್ದ ಅಂದುಕೊಂಡೆ. ನಂಬಿದರೆ ನಂಬಲಿ, ನನ್ನ ಮೇಲೂ ಕೇಸು ಹಾಕಿದರೆ ಹಾಕಲಿ.

ಆದರೆ ಈ ಹಾಡನ್ನ ನಾನು ಯಾರಿಗೂ ಕೊಡಲ್ಲ. ಅದು ನಿನ್ನದು. ಆ ದಿನ ಹತ್ತೂವರೆಗೆ ನಿನಗೆ ಹೇಳೋದೇನಾದರೂ ಇದೆಯಾ ಅಂತ ಮೊದಲು ನಿನ್ನನ್ನ ಕೇಳ್ತಾರೆ. ಆಮೇಲೆ ಹನ್ನೊಂದಕ್ಕೆ ನನ್ನನ್ನ ಕರೀತಾರೆ. ಮಧ್ಯೆ ಅರ್ಧ ಗಂಟೆ ಇದೆ. ನಾನು ಹೊರಗೆ ಬೆಂಚಿನ ಮೇಲೆ ಇರ್ತೀನಿ.

ಕೆಮ್ಮು ಕತ್ತರಿಸಿಲ್ಲ.

ಅಕ್ಕ


ಜೂನ್ 25

ಅಕ್ಕ,

ಇದು ಜೈಲಿನ ಕಾಗದ. ಇಲ್ಲೂ ಬರೆಯೋಕೆ ಬಿಡ್ತಾರೆ, ಆದರೆ ಮೊದಲು ಅವರು ಓದ್ತಾರೆ. ಈಗ ಅದರ ಬಗ್ಗೆ ಅನುಮಾನವೇನಿಲ್ಲ, ಓದಲಿ. ಭಾವನಿಗೆ ಬೇರೆ ಕಾಗದ ಬರೆದಿದೀನಿ, ಅವರ ಹೆಸರಿಗೇ. ಅತ್ತೆಗೂ ಬರೆದೆ, ಕ್ಷೇಮ ಅಂತಲೇ ಶುರು ಮಾಡಿದೆ.

ಹನ್ನೊಂದಕ್ಕೆ ನಿನ್ನನ್ನ ಯಾಕೆ ಕರೆಯಲಿಲ್ಲ ಅಂತ ಇಷ್ಟರಲ್ಲಿ ವಕೀಲರು ಹೇಳಿರ್ತಾರೆ. ನನ್ನ ಜೊತೆ ಅವರು ಮಾತು ಬಿಟ್ಟಿದಾರೆ. ಅವರು ಹೇಳದೇ ಇರೋದು ಒಂದಿದೆ, ಅದಕ್ಕೇ ಈ ಕಾಗದ.

ಆ ತಾತ ಆವತ್ತು ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೇಳೋದೇನಾದರೂ ಇದೆಯಾ ಅಂತ ಜಡ್ಜ್ ಕೇಳಿದರು. ನಮ್ಮ ವಕೀಲರು ಇಲ್ಲ ಅನ್ನು ಅಂತ ಕಣ್ಣಲ್ಲೇ ಹೇಳಿದರು. ನಾನು ಇದೆ ಅಂದೆ. ಒಳಗೆ ಕೆಮ್ಮಿದವನು ನಾನು, ಅವರು ಕುಡಿದಿರಲಿಲ್ಲ, ನನ್ನನ್ನ ಉಳಿಸೋಕೆ ಹೋಗಿ ಕೈ ಸುಟ್ಟುಕೊಂಡರು ಅಂದೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಪ್ರಾಸ ಇಲ್ಲದೆ ಇಷ್ಟೊಂದು ಮಾತಾಡಿದ್ದು ಇದೇ ಮೊದಲು.

ಮುಗಿಸಿ ತಿರುಗಿ ನೋಡಿದೆ. ಬೆಂಕಿಯ ದಿನ ನೋಡಿರಲಿಲ್ಲವಲ್ಲ. ಅವರು ಎದ್ದು ನಿಂತಿದ್ದರು. ಬೈತಾರೆ, ಉಗೀತಾರೆ ಅಂತ ಕಾದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ. ಕೋರ್ಟಿನಲ್ಲಿದ್ದವರ ಕಡೆಗೆಲ್ಲ ಆ ಕೈ ಎತ್ತಿ ತೋರಿಸಿ ಹೇಳಿದರು: "ನೋಡಿ, ಒಳಗೆ ಯಾರೋ ಇದಾರೆ ಅಂತ ನಾನು ಹೇಳಲಿಲ್ವಾ?"

ಸಿಟ್ಟಿರಲಿಲ್ಲ ಅಕ್ಕ ಅವರಿಗೆ. ಖುಷಿಯಾಗಿತ್ತು.

ಆಲ್ಬಮ್ಮಿನಲ್ಲಿ ಹನ್ನೊಂದೂ ಇರಲಿ. ಕೆಟ್ಟವನ್ನೂ ತೆಗೀಬೇಡ.

ನಿನ್ನ ತಮ್ಮ